ಸೌದೆ ಒಣಗಿಸುವವರ ದೇಶ

ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚಿನಲ್ಲಿ ಚಳಿ ಕಾಲಿಡುವುದು ಜೂನ್‌ನಲ್ಲಿ. ಸೌದೆಯ ಚಿಂತೆ ಮಾತ್ರ ಡಿಸೆಂಬರ್, ಜನವರಿಗೇ ಶುರುವಾಗಿರುತ್ತದೆ. ಅಲ್ಲಿಗೆ ಅದು ನಡುಬೇಸಿಗೆ. ಬೆಳಿಗ್ಗೆ ಸಮುದ್ರದ ದಂಡೆಗೆ ಹೋಗಿಬಂದವರು ಸಂಜೆ ಚಡ್ಡಿ ಬನಿಯನ್ನಿನಲ್ಲೇ ಅಂಗಳದಲ್ಲಿ ಸೌದೆ ಒಟ್ಟುತ್ತಿರುತ್ತಾರೆ. ಲಾರಿಯವನು ಘನ ಮೀಟರ್ ಲೆಕ್ಕದಲ್ಲಿ ಸೀಳು ತಂದು ಗೇಟಿನೊಳಗೆ ಸುರಿದು ಹೋಗಿರುತ್ತಾನೆ. ಅದನ್ನು ಬಿಸಿಲು ಬೀಳುವ ಕಡೆ ನೋಡಿ (ಅಲ್ಲಿ ಬಿಸಿಲು ಉತ್ತರದಿಂದ), ನೆಲಕ್ಕೆ ತಾಗದಂತೆ ಕೆಳಗೆರಡು ಪಟ್ಟಿ ಕೊಟ್ಟು, ಸಂದಿಯಲ್ಲಿ ಗಾಳಿ ಆಡುವಂತೆ ಜೋಡಿಸಿ, ನೆತ್ತಿಗೆ ಮಾತ್ರ ತಗಡು ಹೊದಿಸುತ್ತಾರೆ. ಪಕ್ಕಗಳನ್ನು ಮುಚ್ಚುವಂತಿಲ್ಲ. ಮಲೆನಾಡಿನವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಮೊದಲ ಮಳೆ ಬೀಳುವ ಹೊತ್ತಿಗೆ ಸೌದೆ ಕೊಟ್ಟಿಗೆ ತುಂಬಿರದ ಮನೆಯ ಯಜಮಾನನನ್ನು ಊರು ಹೇಗೆ ಆಡಿಕೊಳ್ಳುತ್ತಿತ್ತು ಎಂಬುದು ನೆನಪಿರುವವರು ಇನ್ನೂ ಇದ್ದಾರೆ.

ಕರೆಂಟಿಗೆ ಗತಿಯಿಲ್ಲದ ದೇಶವೇನಲ್ಲ ಇದು. ವಿದ್ಯುತ್ತಿನಲ್ಲಿ ಐದರಲ್ಲಿ ನಾಲ್ಕು ಪಾಲು ನೀರು, ಗಾಳಿ, ಭೂಮಿಯೊಳಗಿನ ಶಾಖದಿಂದಲೇ ಬರುತ್ತದೆ. ನಮ್ಮ ಏಸಿಯೇ ಹಿಂದುಮುಂದಾಗಿ ಕೆಲಸ ಮಾಡುವ ಹೀಟ್ ಪಂಪು 2018ರ ಜನಗಣತಿಯ ವೇಳೆಗೆ ಹೆಚ್ಚುಕಡಿಮೆ ಅರ್ಧದಷ್ಟು ಮನೆಗಳಲ್ಲಿತ್ತು. ಆದರೂ ಅದೇ ಗಣತಿಯಲ್ಲಿ ಸೌದೆ ಒಲೆ ಉರಿಸುವ ಮನೆ ಸುಮಾರು ಮೂರರಲ್ಲಿ ಒಂದು. ಮನೆ ಮಾರಾಟದ ಜಾಹೀರಾತಿನಲ್ಲಿ ‘ಲಾಗ್ ಬರ್ನರ್ ಇದೆ’ ಎಂದು ಹೆಮ್ಮೆಯಿಂದ ಬರೆದುಕೊಳ್ಳುತ್ತಾರೆ. ಬೆಂಗಳೂರಿನಲ್ಲಿ ಯಾರಾದರೂ ಸೌದೆ ಒಲೆ ಇದೆಯೆಂದು ಹೇಳಿ ಮನೆ ಬಾಡಿಗೆಗೆ ಕೊಡಲು ನೋಡಲಿ!

ಈ ಒಲೆಯ ಗುಟ್ಟು ಗೊತ್ತಾಗಬೇಕಾದರೆ ಅಲ್ಲಿನ ಮನೆಗಳನ್ನು ನೋಡಬೇಕು. ಹೊರಗಿನಿಂದ ಚಿತ್ರದಂತಿರುವ ಮರದ ಹಲಗೆಯ ಗೋಡೆ, ತಗಡಿನ ಮಾಡು, ಉದ್ದನೆಯ ಕಿಟಕಿಗಳು. ಒಳಗೆ ಕಾಲಿಟ್ಟರೆ ಹೊರಗಿನಷ್ಟೇ ಚಳಿ. ಹೊಸದಾಗಿ ಕಟ್ಟುವ ಮನೆಯ ಗೋಡೆ, ಮಾಡಿನೊಳಗೆ ಶಾಖ ತಡೆಯುವ ಹೊದಿಕೆ ಇರಲೇಬೇಕೆಂಬ ನಿಯಮ ಬಂದದ್ದು 1978ರಲ್ಲಿ. ಅದಕ್ಕೂ ಮೊದಲು ಕಟ್ಟಿದವುಗಳಲ್ಲಿ ಹೆಚ್ಚಿನವು ಬರಿಮೈಯಲ್ಲಿ ನಿಂತ ಮನೆಗಳು. ಬ್ರಾಂಜ್ ಎಂಬ ಕಟ್ಟಡ ಸಂಶೋಧನಾ ಸಂಸ್ಥೆ ಸುಮಾರು 400 ಮನೆಗಳಲ್ಲಿ ಮಾಪಕಗಳನ್ನಿಟ್ಟು ವರ್ಷಗಟ್ಟಲೆ ಅಳೆಯಿತು. ಚಳಿಗಾಲದ ಸಂಜೆ ಹಜಾರದ ಸರಾಸರಿ ಉಷ್ಣಾಂಶ 18 ಡಿಗ್ರಿಯನ್ನೂ ಮುಟ್ಟುತ್ತಿರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಕನಿಷ್ಠ ಎನ್ನುವುದೇ 18. ಮಲಗುವ ಕೋಣೆಗಳ ಸ್ಥಿತಿ ಇನ್ನೂ ಕೆಟ್ಟದಾಗಿತ್ತು. ಆ ಅಧ್ಯಯನದಲ್ಲಿ ಎಲ್ಲಕ್ಕಿಂತ ಬೆಚ್ಚಗಿದ್ದದ್ದು ಬಾಗಿಲು ಮುಚ್ಚುವ ಸೌದೆ ಒಲೆಯ ಮನೆಗಳು. ಹಳೇ ಕಾಲದ ತೆರೆದ ಅಗ್ಗಿಷ್ಟಿಕೆ ಇದ್ದವರು ಬೆಂಕಿಯ ಮುಂದೆ ಕೂತೂ ನಡುಗುತ್ತಿದ್ದರು. ತೆರೆದ ಬೆಂಕಿ ಕೋಣೆಯ ಬೆಚ್ಚನೆ ಗಾಳಿಯನ್ನೇ ಎಳೆದು ಚಿಮಣಿಯಿಂದಾಚೆ ಕಳಿಸುತ್ತದೆ.

ಒಟಾಗೊ ವಿಶ್ವವಿದ್ಯಾಲಯದ ಫಿಲಿಪಾ ಹೌಡನ್-ಚಾಪ್‌ಮನ್ ಮತ್ತು ಸಂಗಡಿಗರು 1,350 ಮನೆಗಳನ್ನು ಆರಿಸಿಕೊಂಡು, ಕೆಲವಕ್ಕೆ ಮೊದಲು, ಕೆಲವಕ್ಕೆ ಆಮೇಲೆ ಹೊದಿಕೆ ಹಾಕಿಸಿ ಏನಾಗುತ್ತದೆಂದು ನೋಡಿದರು. ಹೊದಿಕೆ ಬಿದ್ದ ಮನೆಗಳಲ್ಲಿ ಉಬ್ಬಸ ಕಡಿಮೆಯಾಯಿತು, ಮಕ್ಕಳು ಶಾಲೆ ತಪ್ಪಿಸುವುದು, ದೊಡ್ಡವರು ಕೆಲಸ ತಪ್ಪಿಸುವುದು ಇಳಿಯಿತು. 2007ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಇದು ಪ್ರಕಟವಾದ ಎರಡು ವರ್ಷಕ್ಕೆ ಸರ್ಕಾರ ಹೊದಿಕೆಗೂ ಒಲೆಗೂ ಸಹಾಯಧನ ಕೊಡುವ ದೊಡ್ಡ ಯೋಜನೆಯನ್ನೇ ತಂದಿತು. ಈಗ ಬಾಡಿಗೆ ಮನೆಯ ಹಜಾರದಲ್ಲಿ 18 ಡಿಗ್ರಿ ಮುಟ್ಟಿಸಬಲ್ಲ ಶಾಶ್ವತ ಒಲೆಯೋ ಹೀಟರೋ ಇರಬೇಕೆಂಬುದು ಕಾನೂನು. ತೆರೆದ ಅಗ್ಗಿಷ್ಟಿಕೆ ಆ ಲೆಕ್ಕಕ್ಕೆ ಬರುವುದಿಲ್ಲ. ಬಾಗಿಲಿರುವ ಸೌದೆ ಒಲೆ ಬರುತ್ತದೆ.

ನನ್ನ ಮಗನ ಮನೆಯಲ್ಲಿರುವುದು ಅಂಥದೊಂದು. ಕ್ರೈಸ್ಟ್‌ಚರ್ಚಿನ ಹೊರವಲಯದ ಹಳೇ ಮನೆ. ಹಜಾರದ ಮೂಲೆಯಲ್ಲಿ ಸೊಂಟದೆತ್ತರದ ಕಪ್ಪು ಉಕ್ಕಿನ ಪೆಟ್ಟಿಗೆ, ಮುಂದೆ ಗಾಜಿನ ಬಾಗಿಲು, ಒಳಗೋಡೆಗೆ ಶಾಖ ತಾಳುವ ಇಟ್ಟಿಗೆ, ತಲೆಯ ಮೇಲಿಂದ ಮಾಡು ಸೀಳಿಕೊಂಡು ಹೋದ ಕೊಳವೆ. ಊದುಗೊಳವೆ ಊದಿ ಕಣ್ಣು ಕೆಂಪು ಮಾಡಿಕೊಂಡು ಬೆಳೆದ ನನ್ನಂಥವಳಿಗೆ ಮೊದಲು ಸೋಜಿಗವಾದದ್ದು ಅವರು ಬೆಂಕಿ ಹಚ್ಚುವ ರೀತಿ. ದಪ್ಪ ಸೀಳು ಕೆಳಗೆ, ಅದರ ಮೇಲೆ ತೆಳು ಚಕ್ಕೆ, ನೆತ್ತಿಯಲ್ಲಿ ಪುಳ್ಳೆ ಮತ್ತು ಕಾಗದ. ಕಡ್ಡಿ ಗೀರುವುದು ನೆತ್ತಿಗೆ. ಬೆಂಕಿ ಮೇಣದಬತ್ತಿಯ ಹಾಗೆ ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ. ಕೆಳಗಿನ ಸೌದೆ ಕಾದು ಬಿಡುವ ಹೊಗೆ ಮೇಲಿನ ಉರಿಯನ್ನು ದಾಟಿಯೇ ಹೋಗಬೇಕು, ದಾಟುವಾಗ ಅದೇ ಉರಿದುಹೋಗುತ್ತದೆ. ಸೌದೆಯ ಶಾಖದಲ್ಲಿ ಅರ್ಧಕ್ಕಿಂತ ಹೆಚ್ಚು ಇರುವುದು ಈ ಹೊಗೆಯಾಗುವ ಅನಿಲದಲ್ಲೇ. ಕೆಂಡದಲ್ಲಿ ಉಳಿಯುವುದು ಮಿಕ್ಕದ್ದು. ಹೊಗೆ ಕಂಡರೆ ಶಾಖ ಹೊರಗೆ ಹೋಗುತ್ತಿದೆ ಎಂದೇ ತಿಳಿಯಬೇಕು. ಅದಕ್ಕಾಗಿ ಒಲೆಯ ಮೇಲ್ಭಾಗದಲ್ಲಿ ಒಂದು ಅಡ್ಡ ತಟ್ಟೆ, ಅದರ ಬಳಿ ಸಣ್ಣ ತೂತುಗಳಿಂದ ಬಿಸಿಗಾಳಿ. ಅಲ್ಲಿ ಹೊಗೆಗೆ ಎರಡನೇ ಸಲ ಬೆಂಕಿ ಹತ್ತುತ್ತದೆ. ಚೆನ್ನಾಗಿ ಉರಿಯುವ ಒಲೆಯ ಚಿಮಣಿಯನ್ನು ಹೊರಗೆ ನಿಂತು ನೋಡಿದರೆ ಮೇಲಿನ ಗಾಳಿ ಬಿಸಿಲುಗುದುರೆಯಂತೆ ತುಸು ಅಲುಗಾಡುತ್ತದೆ, ಅಷ್ಟೆ.

ಆದರೆ ಈ ಜಾಣತನವೆಲ್ಲ ನಿಂತಿರುವುದು ಸೌದೆಯೊಳಗಿನ ನೀರಿನ ಮೇಲೆ. ಆಗ ತಾನೆ ಕಡಿದ ಪೈನ್ ಮರದ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು. ಅದನ್ನು ಒಲೆಗೆ ಹಾಕಿದರೆ ಬೆಂಕಿಯ ಮೊದಲ ಕೆಲಸ ನೀರು ಕುದಿಸಿ ಹಬೆ ಮಾಡುವುದು. ಉರಿ ತಣ್ಣಗಾಗುತ್ತದೆ, ಹೊಗೆ ಹೊತ್ತಿಕೊಳ್ಳುವುದಿಲ್ಲ, ಕೊಳವೆಯೊಳಗೆ ಅಂಟು ಮಸಿಯಾಗಿ ಕೂರುತ್ತದೆ. ಆ ಮಸಿಗೆ ಒಂದು ದಿನ ಬೆಂಕಿ ಹತ್ತಿದರೆ ಮಾಡೇ ಹೋಗುತ್ತದೆ. ಸೌದೆಯ ತೇವ 25 ಶೇಕಡಕ್ಕಿಂತ ಕಡಿಮೆ ಇರಬೇಕೆನ್ನುವುದು ಅಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು. ಎರಡು ಮುಳ್ಳಿನ ಮಾಪಕವನ್ನು ಸೀಳಿಗೆ ಚುಚ್ಚಿ ನೋಡುತ್ತಾರೆ. ಪಕ್ಕದ ಮನೆಯ ಮುದುಕನಿಗೆ ಮಾಪಕವೂ ಬೇಡ. ಎರಡು ಸೀಳು ಕೈಗೆತ್ತಿಕೊಂಡು ಒಂದಕ್ಕೊಂದು ಬಡಿಯುತ್ತಾನೆ. ಟಣ್ ಎಂದರೆ ಒಲೆಗೆ, ದಬ್ ಎಂದರೆ ಮತ್ತೆ ಒಟ್ಟಿಲಿಗೆ.

ಮರಗಳ ವಿಷಯದಲ್ಲೂ ಅವನದು ಖಡಾಖಂಡಿತ ತೀರ್ಪು. ಪೈನ್ ಒಂದೇ ಬೇಸಿಗೆಗೆ ಒಣಗುತ್ತದೆ, ಬೇಗ ಹತ್ತುತ್ತದೆ, ಬೇಗ ಮುಗಿಯುತ್ತದೆ. ಹೊಲದ ಗಾಳಿತಡೆಗೆಂದು ಸಾಲಾಗಿ ನೆಟ್ಟ ಮ್ಯಾಕ್ರೊಕಾರ್ಪಾ ಚೆನ್ನಾಗಿ ಕಾಯುತ್ತದೆ, ಆದರೆ ಚಟಪಟ ಕಿಡಿ ಸಿಡಿಸುತ್ತದೆ. ನಮ್ಮ ನೀಲಗಿರಿಯ ಬಂಧುವಾದ ಬ್ಲೂ ಗಮ್‌ಗೆ ಒಣಗಲು ಎರಡು ವರ್ಷ ಬೇಕು, ಕಾದವರಿಗೆ ರಾತ್ರಿಯಿಡೀ ಕೆಂಡ. ಎಲ್ಲಕ್ಕೂ ಮೇಲಿನದು ಆ ನೆಲದ್ದೇ ಆದ ಮಾನುಕಾ. ಜೇನಿಗೆ ಹೆಸರಾದ ಅದೇ ಗಿಡ. ಬೆಲೆಯೂ ಹಾಗೇ. ಅಳತೆಯಲ್ಲೂ ಒಂದು ಸ್ವಾರಸ್ಯ ಇದೆ. ನಮ್ಮ ಸೌದೆ ಡಿಪೋಗಳಲ್ಲಿ ತೂಕದ ಲೆಕ್ಕ, ಹಸಿ ಸೌದೆ ಕೊಂಡವನು ನೀರಿಗೂ ದುಡ್ಡು ತೆರುತ್ತಾನೆ. ಅಲ್ಲಿ ಘನ ಮೀಟರ್, ನೀರಿನ ಮೋಸ ನಡೆಯುವುದಿಲ್ಲ. ಬದಲಿಗೆ ಗಾಳಿಯ ಮೋಸ. ಸುರಿದ ಒಂದು ಘನ ಮೀಟರನ್ನು ಅಚ್ಚುಕಟ್ಟಾಗಿ ಒಟ್ಟಿದರೆ ಮೂರರಲ್ಲಿ ಎರಡು ಪಾಲಿಗೆ ಇಳಿಯುತ್ತದೆ. ಸುರಿದದ್ದೋ ಒಟ್ಟಿದ್ದೋ ಎಂದು ಕೇಳದೆ ಕೊಳ್ಳುವವರನ್ನು ವ್ಯಾಪಾರಿ ಕಂಡ ಕೂಡಲೇ ಗುರುತಿಸುತ್ತಾನೆ.

ಹಳೇ ಮನೆಗಳಲ್ಲಿ ವೆಟ್‌ಬ್ಯಾಕ್ ಎಂಬ ಏರ್ಪಾಡಿದೆ. ಒಲೆಯ ಬೆನ್ನಿಗೆ ತಾಮ್ರದ ಕೊಳವೆ, ಅದರಲ್ಲಿ ನೀರು ಕಾದು ತಾನಾಗಿ ಮೇಲೇರಿ ಹಂಡೆಯಂಥ ಸಿಲಿಂಡರಿಗೆ ಸೇರುತ್ತದೆ, ತಣ್ಣೀರು ಕೆಳಗಿಳಿದು ಬರುತ್ತದೆ. ಪಂಪಿಲ್ಲ, ಕರೆಂಟಿಲ್ಲ. ಹಜಾರ ಕಾಯಿಸಿದ ಬೆಂಕಿಯಲ್ಲೇ ಸ್ನಾನದ ನೀರೂ ಆಯಿತು. ನಮ್ಮ ಬಚ್ಚಲೊಲೆ ನೀರನ್ನಷ್ಟೇ ಕಾಯಿಸಿತು, ಮನೆಯನ್ನಲ್ಲ. ಕೊಡಗು, ಚಿಕ್ಕಮಗಳೂರಿನ ತೋಟದ ಮನೆಗಳಲ್ಲಿ ಮಾತ್ರ ಇಂಗ್ಲಿಷರು ಬಿಟ್ಟುಹೋದ ಅಗ್ಗಿಷ್ಟಿಕೆಗಳಿವೆ. ಈಗ ಅವುಗಳಲ್ಲಿ ಹೆಚ್ಚಿನವು ಹೋಂಸ್ಟೇ ಅತಿಥಿಗಳ ಫೋಟೊಗೆ ಉರಿಯುತ್ತವೆ.

ಇನ್ನು ಅಡುಗೆ. ಯೂರೋಪಿನಿಂದ ಬಂದು ನೆಲೆಸಿದ ಮೊದಲ ತಲೆಮಾರಿನವರ ಬಳಿ ಇದ್ದದ್ದು ಮೂರು ಕಾಲಿನ ಎರಕದ ಕಬ್ಬಿಣದ ಪಾತ್ರೆ. ಹಿಟ್ಟಿನ ಮುದ್ದೆ ಒಳಗಿಟ್ಟು, ಕೆಳಗೂ ಮುಚ್ಚಳದ ಮೇಲೂ ಕೆಂಡ ಹರಡಿದರೆ ಬ್ರೆಡ್ ಬೇಯುತ್ತಿತ್ತು. ಇಂಗ್ಲೆಂಡಿನಿಂದ ತರಿಸಿದ ಕಬ್ಬಿಣದ ಒಲೆಗಳು ಅಲ್ಲಿನ ಕಂದು ಕಲ್ಲಿದ್ದಲಿಗೆ ಒಗ್ಗಲಿಲ್ಲ. ಡ್ಯುನೆಡಿನ್‌ನ ಹೆನ್ರಿ ಶಾಕ್ಲಾಕ್ ಎಂಬವರು 1873ರಲ್ಲಿ ಆ ಕಲ್ಲಿದ್ದಲಿಗೆಂದೇ ಒಂದು ಒಲೆ ಮಾಡಿ ಅದಕ್ಕೆ ಓರಿಯನ್ ಎಂದು ಹೆಸರಿಟ್ಟರು. ಮೇಲೆ ಪಾತ್ರೆ, ಪಕ್ಕದಲ್ಲಿ ಬೇಯಿಸುವ ಗೂಡು. ದಶಕಗಟ್ಟಲೆ ದೇಶದ ಅಡುಗೆಮನೆಯನ್ನು ಆಳಿದ್ದು ಅದೇ. ಶಾಕ್ಲಾಕ್ ಕಂಪನಿಯೇ 1925ರಲ್ಲಿ ದೇಶದ ಮೊದಲ ವಿದ್ಯುತ್ ಒಲೆಯನ್ನೂ ಮಾಡಿತು, 1955ರಲ್ಲಿ ಫಿಷರ್ ಅಂಡ್ ಪೇಕೆಲ್ ಎಂಬ ಕಂಪನಿಯ ಕೈಸೇರಿತು. ಆ ಫಿಷರ್ ಅಂಡ್ ಪೇಕೆಲ್ ಈಗ ಚೀನಾದ ಹೈಯರ್ ಪಾಲಾಗಿದೆ. ಕಲ್ಲಿದ್ದಲ ಒಲೆಯ ವಂಶಾವಳಿ ಎಲ್ಲಿಂದ ಎಲ್ಲಿಗೆ ಬಂತು ನೋಡಿ.

ಓರಿಯನ್ ಒಲೆಯ ಆ ಗೂಡಿಗೆ ಉಷ್ಣಮಾಪಕ ಎಲ್ಲಿತ್ತು? ಹೆಂಗಸರು ಕೈ ಒಡ್ಡಿ ಅಂದಾಜು ಮಾಡುತ್ತಿದ್ದರು, ಇಲ್ಲವೇ ಚಿಟಿಕೆ ಹಿಟ್ಟು ಉದುರಿಸಿ ಎಷ್ಟು ಹೊತ್ತಿಗೆ ಕಂದಾಗುತ್ತದೆಂದು ನೋಡುತ್ತಿದ್ದರು. ಇಂಥ ಗೂಡಿನಲ್ಲಿ ಹಿಟ್ಟು ಉಬ್ಬುವ ಭರವಸೆಯನ್ನು ಮಾರಿದವರು ಕ್ರೈಸ್ಟ್‌ಚರ್ಚಿನ ದಿನಸಿ ವ್ಯಾಪಾರಿ ಥಾಮಸ್ ಎಡ್ಮಂಡ್ಸ್. 1879ರಲ್ಲಿ ಅವರು ತಯಾರಿಸತೊಡಗಿದ ಬೇಕಿಂಗ್ ಪೌಡರಿನ ಡಬ್ಬಿಯ ಮೇಲೆ ಉದಯಿಸುವ ಸೂರ್ಯ, ಉಬ್ಬಿಯೇ ಉಬ್ಬುತ್ತದೆಂಬ ಮಾತು. 1908ರಲ್ಲಿ ಪುಡಿಯ ಪ್ರಚಾರಕ್ಕೆಂದು ಹೊರಡಿಸಿದ ಅಡುಗೆ ಪುಸ್ತಕ ಮೂವತ್ತು ಲಕ್ಷಕ್ಕೂ ಮೀರಿ ಖರ್ಚಾಗಿದೆ. ಇಡೀ ದೇಶದ ಜನಸಂಖ್ಯೆ ಐವತ್ತು ಲಕ್ಷದ ಆಸುಪಾಸು ಎಂಬುದನ್ನು ನೆನಪಿಡಿ.

ಈಗ ಹಿತ್ತಿಲಲ್ಲಿ ಇಟ್ಟಿಗೆಯ ಗುಮ್ಮಟದ ಒಲೆ ಕಟ್ಟಿಕೊಳ್ಳುವ ಹುಚ್ಚು. ಹಾಸನದ ಕಡೆಯವರು ಬೆಂಗಳೂರಿನಲ್ಲಿ ನಡೆಸುತ್ತಿದ್ದ ಹಳೇ ಬೇಕರಿಗಳ ಭಟ್ಟಿ ನೋಡಿದವರಿಗೆ ಅದರ ಕೆಲಸ ಗೊತ್ತು. ಒಳಗೇ ಸೌದೆ ಉರಿಸಿ ಇಟ್ಟಿಗೆಗೆ ಶಾಖ ಕುಡಿಸಿ, ಕೆಂಡ ಎಳೆದು, ಒದ್ದೆ ಬಟ್ಟೆಯಲ್ಲಿ ನೆಲ ಒರೆಸಿ, ಬ್ರೆಡ್ ಒಳಗಿಡುವುದು. ಹಿತ್ತಿಲಿನವರು ಶಾಖ ಇಳಿಯುವ ಕ್ರಮದಲ್ಲಿ ಅಡುಗೆ ಜೋಡಿಸುತ್ತಾರೆ. 400 ಡಿಗ್ರಿಯ ಆಸುಪಾಸಿನಲ್ಲಿ ಒಂದೆರಡು ನಿಮಿಷಕ್ಕೆ ಪಿಜ್ಜಾ, 250ಕ್ಕೆ ಇಳಿದಾಗ ಬ್ರೆಡ್, ಆಮೇಲೆ ಬಿಸ್ಕತ್ತು, ಕೊನೆಗೆ ಬೀನ್ಸಿನ ಪಾತ್ರೆ. ಎಲ್ಲ ಮುಗಿದು ರಾತ್ರಿ ಉಳಿಯುವ ಬಿಸಿಯಲ್ಲಿ ಮುಂದಿನ ಸಲದ ಪುಳ್ಳೆ ಒಳಗಿಟ್ಟು ಬಾಗಿಲು ಹಾಕುತ್ತಾರೆ. ಬೆಳಿಗ್ಗೆಗೆ ಅದು ಹಪ್ಪಳದಂತೆ ಗರಿಗರಿ.

ಇಷ್ಟು ಹೇಳಿ ಮಾವೋರಿಗಳ ಮಾತೆತ್ತದಿದ್ದರೆ ತಪ್ಪಾದೀತು. ಅಲ್ಲಿ ಬೆಂಕಿಯ ಕತೆ ಕಬ್ಬಿಣದ ಒಲೆಗಿಂತ ಬಹಳ ಹಳೆಯದು. ಹಾಂಗಿ ಎಂದರೆ ನೆಲದೊಳಗಿನ ಒಲೆ. ಗುಂಡಿಯಲ್ಲಿ ಸೌದೆ ಪೇರಿಸಿ ಮೇಲೆ ಜ್ವಾಲಾಮುಖಿಯ ಕಲ್ಲುಗಳನ್ನಿಟ್ಟು ಕೆಂಪಗೆ ಕಾಯಿಸುತ್ತಾರೆ. ಕಂಡ ಕಂಡ ಹೊಳೆಕಲ್ಲು ಆಗದು, ಕಾದರೆ ಸಿಡಿಯುತ್ತದೆ. ಕಲ್ಲಿನ ಮೇಲೆ ಮಾಂಸ, ಕುಮರಾ ಎನ್ನುವ ಸಿಹಿಗೆಣಸು, ಕುಂಬಳದ ಬುಟ್ಟಿಗಳು. ಮೇಲೆ ಒದ್ದೆ ಬಟ್ಟೆ, ಗೋಣಿ, ಅದರ ಮೇಲೆ ಮಣ್ಣು. ಹಬೆ ಎಲ್ಲಿ ಇಣುಕಿದರೂ ಅಲ್ಲಿಗೆ ಇನ್ನೊಂದು ಸಲಿಕೆ ಮಣ್ಣು. ಮೂರು ತಾಸಿನ ಮೇಲೆ ತೆಗೆಯುತ್ತಾರೆ. ಗೋಧಿ ಬಂದ ಮೇಲೆ ಅವರದೇ ಒಂದು ಬ್ರೆಡ್ಡೂ ಹುಟ್ಟಿತು, ರೇವೆನಾ. ಬೇಯಿಸಿದ ಆಲೂಗಡ್ಡೆ, ಹಿಟ್ಟು, ಸಕ್ಕರೆ ಕಲಸಿ ಹುಳಿ ಬರಿಸಿದ ಮೂಲದಿಂದ ಉಬ್ಬಿಸುವ ಇದು ತುಸು ಸಿಹಿ, ತುಸು ಹುಳಿ. ಆ ಮೂಲವನ್ನು ಉಣಿಸಿ ಉಣಿಸಿ ತಾಯಿಯಿಂದ ಮಗಳಿಗೆ ದಾಟಿಸಿದ ಮನೆಗಳಿವೆ.

ಅವರ ಪುರಾಣದಲ್ಲಿ ಮಾವುಯಿ ಎಂಬ ತುಂಟ ವೀರ ಊರಿನ ಬೆಂಕಿಯನ್ನೆಲ್ಲ ಆರಿಸಿ, ಬೆಂಕಿಯೊಡತಿ ಮಹುಯಿಕಾಳ ಬಳಿ ಹೋಗುತ್ತಾನೆ. ಅವಳು ಉರಿಯುವ ಉಗುರು ಕಿತ್ತು ಕೊಡುತ್ತಾಳೆ, ಅವನು ಬೇಕೆಂದೇ ಆರಿಸಿ ಮತ್ತೊಂದಕ್ಕೆ ಕೈ ಚಾಚುತ್ತಾನೆ. ಕೊನೆಯ ಉಗುರಿಗೆ ಸಿಟ್ಟೇರಿ ಅವಳು ನೆಲಕ್ಕೆ ಎಸೆಯುತ್ತಾಳೆ. ಕಾಡು ಹೊತ್ತುತ್ತದೆ, ಮಳೆ ಬರುತ್ತದೆ, ಉಳಿದ ಕಿಡಿ ಕೈಕೋಮಾಕೊ ಮೊದಲಾದ ಮರಗಳಲ್ಲಿ ಅಡಗಿಕೊಳ್ಳುತ್ತದೆ. ಆ ಮರ ಉಜ್ಜಿದರೆ ಬೆಂಕಿ ಹುಟ್ಟುವುದು ಅದಕ್ಕೇ. ನಮ್ಮ ಯಜ್ಞಶಾಲೆಯ ಅರಣಿ ಕಂಡವರಿಗೆ ಈ ಕತೆ ದೂರದ್ದೆನಿಸದು. ಇದು ಕತೆಗೇ ನಿಲ್ಲಲಿಲ್ಲ. ಯಾರ ಒಲೆ ಆರದೆ ಉರಿಯುತ್ತಿದೆಯೋ ನೆಲದ ಹಕ್ಕು ಅವರದು ಎಂಬ ‘ಅಹಿ ಕಾ’ ಪದ್ಧತಿಯನ್ನು ಬ್ರಿಟಿಷರು ತಂದ ಭೂ ನ್ಯಾಯಾಲಯಗಳೂ ವ್ಯಾಜ್ಯಗಳಲ್ಲಿ ಎಣಿಕೆಗೆ ತೆಗೆದುಕೊಳ್ಳಬೇಕಾಯಿತು.

ಇಷ್ಟೆಲ್ಲ ಬೆಂಕಿ ಇದ್ದ ಮೇಲೆ ಹೊಗೆ ಎಲ್ಲಿ ಹೋಗಬೇಕು? ಕ್ರೈಸ್ಟ್‌ಚರ್ಚಿನಲ್ಲಿ ಅದು ಎಲ್ಲಿಗೂ ಹೋಗುತ್ತಿರಲಿಲ್ಲ. ಗಾಳಿಯಿಲ್ಲದ ಚಳಿಗಾಲದ ರಾತ್ರಿ ಬಯಲಿನ ಮೇಲೆ ತಣ್ಣನೆ ಗಾಳಿ ಮಡುಗಟ್ಟುತ್ತದೆ, ಅದರ ಮೇಲೆ ಬೆಚ್ಚನೆ ಗಾಳಿಯ ಪದರ ಕೂರುತ್ತದೆ. ತೆಂಕಣ ದಿಕ್ಕಿಗೆ ಪೋರ್ಟ್ ಹಿಲ್ಸ್ ಗುಡ್ಡದ ಅಡ್ಡಿ. ಊರಿನ ಒಲೆಗಳ ಹೊಗೆಯೆಲ್ಲ ನಡುವೆ ಸಿಕ್ಕಿಬೀಳುತ್ತದೆ. ಒಂದು ಕಾಲಕ್ಕೆ ಒಂದೇ ಚಳಿಗಾಲದಲ್ಲಿ ಹತ್ತಾರು ರಾತ್ರಿ ಗಾಳಿಯ ಮಾಲಿನ್ಯ ಮಿತಿ ಮೀರುತ್ತಿತ್ತು. 2004ರಲ್ಲಿ ರಾಷ್ಟ್ರೀಯ ಮಾನದಂಡ ಬಂತು. ಗಾಳಿಯಲ್ಲಿನ ಸಣ್ಣ ಕಣಗಳು ಘನ ಮೀಟರಿಗೆ 50 ಮೈಕ್ರೊಗ್ರಾಂ ದಾಟಬಾರದು. ಎರಡು ಹೆಕ್ಟೇರಿಗಿಂತ ಚಿಕ್ಕ ನಿವೇಶನದಲ್ಲಿ ಹೊಸದಾಗಿ ಕೂರಿಸುವ ಒಲೆ ಒಂದು ಕಿಲೋ ಒಣಸೌದೆಗೆ 1.5 ಗ್ರಾಂಗಿಂತ ಹೆಚ್ಚು ಕಣ ಉಗುಳಬಾರದು, ಸೌದೆಯ ಶಾಖದಲ್ಲಿ ಕನಿಷ್ಠ 65 ಶೇಕಡ ಮನೆಗೆ ಕೊಡಬೇಕು. ಕ್ರೈಸ್ಟ್‌ಚರ್ಚ್ ಇರುವ ಕ್ಯಾಂಟರ್ಬರಿಯ ಪ್ರಾದೇಶಿಕ ಮಂಡಳಿ ಇನ್ನೂ ಬಿಗಿ ಮಾಡಿತು. ನಗರದಲ್ಲಿ ತೆರೆದ ಅಗ್ಗಿಷ್ಟಿಕೆಗೆ ನಿಷೇಧ, ಹಳೇ ಒಲೆಗೆ ವಾಯಿದೆ, ಹೊಸದಾದರೆ ಅತಿ ಕಡಿಮೆ ಹೊಗೆಯದೇ ಆಗಬೇಕು. ಅಂಥ ಕೆಲವು ಒಲೆಗಳಲ್ಲಿ ಉರಿ ಮೇಲಕ್ಕಲ್ಲ, ಕೆಳಗಿನ ಎರಡನೇ ಗೂಡಿಗೆ ತಲೆಕೆಳಗಾಗಿ ಇಳಿಯುತ್ತದೆ.

ಜನ ಸುಮ್ಮನೆ ಒಪ್ಪಿದರೆಂದಲ್ಲ. ಅಜ್ಜನ ಕಾಲದ ಒಲೆ ಬಿಡೆಂದರೆ ಯಾರಿಗೆ ತಾನೆ ಸಿಟ್ಟು ಬಾರದು? ಅರ್ಧ ತೀರ್ಮಾನವನ್ನು ಭೂಕಂಪ ಮಾಡಿತು. 2010ರ ಸೆಪ್ಟೆಂಬರ್ 4ರ ನಸುಕಿನಲ್ಲಿ ಊರಿನ ಇಟ್ಟಿಗೆ ಚಿಮಣಿಗಳು ಸಾಲುಸಾಲಾಗಿ ಉರುಳಿದವು. 2011ರ ಫೆಬ್ರವರಿ 22ರಂದು 185 ಜನರನ್ನು ಬಲಿ ತೆಗೆದುಕೊಂಡ ಎರಡನೇ ಭೂಕಂಪದಲ್ಲಿ ಉಳಿದವೂ ಹೋದವು. ಅನೇಕರು ಮತ್ತೆ ಚಿಮಣಿ ಕಟ್ಟದೆ ಹೀಟ್ ಪಂಪು ಹಾಕಿಸಿದರು. ಆದರೆ ಕರೆಂಟು ಹೋದ ದಿನಗಳಲ್ಲಿ ಬೆಚ್ಚಗಿದ್ದದ್ದು, ಚಹಾ ಕಾಯಿಸಿದ್ದು ಉಕ್ಕಿನ ಕೊಳವೆಯ ಸೌದೆ ಒಲೆ ಇದ್ದವರು. ದಕ್ಷಿಣ ಕ್ಯಾಂಟರ್ಬರಿಯವರಿಗೆ ಈ ಪಾಠ ಮೊದಲೇ ಆಗಿತ್ತು. 2006ರ ಜೂನ್‌ನ ಹಿಮಪಾತದಲ್ಲಿ ಕೆಲವು ಹಳ್ಳಿಗಳಿಗೆ ವಾರಗಟ್ಟಲೆ ವಿದ್ಯುತ್ ಇರಲಿಲ್ಲ.

ಹೊಗೆ ಪೂರ್ತಿ ತೀರಿತೆಂದು ಹೇಳಲಾರೆ. ಕ್ರೈಸ್ಟ್‌ಚರ್ಚಿನಲ್ಲಿ ಮಿತಿ ಮೀರುವ ರಾತ್ರಿಗಳು ಬೆರಳೆಣಿಕೆಗೆ ಇಳಿದಿವೆ, ಆದರೆ ಟಿಮರೂ, ಆರೋಟೌನ್‌ನಂಥ ಊರುಗಳು ಚಳಿಗಾಲದಲ್ಲಿ ಇನ್ನೂ ಕೆಮ್ಮುತ್ತವೆ. ಇನ್ನೊಂದು ಕಿಡಿಗೇಡಿತನ ಉಂಟು. ಕಟ್ಟಡದ ಪೈನ್ ಹಲಗೆ ಹುಳು ಹಿಡಿಯದಂತೆ ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಕುಡಿಸಿರುತ್ತಾರೆ. ಅಳಿದುಳಿದ ಅಂಥ ತುಂಡನ್ನು ಪುಕ್ಕಟೆ ಸೌದೆಯೆಂದು ಒಲೆಗೆ ಹಾಕುವವರಿಂದಾಗಿ ಚಳಿಗಾಲದ ಗಾಳಿಯಲ್ಲೇ ಆರ್ಸೆನಿಕ್ ಪತ್ತೆಯಾಗಿದೆ. ಅಂಗಳದಲ್ಲಿ ಬಿದ್ದಿದ್ದ ಒಂದು ತುಂಡಿಗೆ ನಾನು ಕೈ ಹಾಕಿದಾಗ ಮಗ ಒಳಗಿನಿಂದಲೇ ಕೂಗಿದ: “ಅಮ್ಮಾ, ಅದು ಬೇಡ, ಹಸಿರು ಬಣ್ಣ ಕಾಣ್ತಿಲ್ವಾ? ಔಷಧಿ ಹಾಕಿದ ಮರ. ಅದರ ಬೂದಿನೂ ವಿಷ.”

ನನಗೆ ಇಷ್ಟವಾದದ್ದು ಆ ದೇಶ ಒಲೆಯನ್ನು ಆರಿಸಲು ಹೋಗದೆ ರಿಪೇರಿ ಮಾಡಿದ್ದು. ನಮ್ಮಲ್ಲೂ ಆ ಬುದ್ಧಿ ಒಂದು ಕಾಲಕ್ಕೆ ಹುಟ್ಟಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿಯವರು 1974ರಲ್ಲಿ ಶುರು ಮಾಡಿದ ಅಸ್ತ್ರ ಕೇಂದ್ರ ಹಳ್ಳಿಯ ಮಣ್ಣಿನ ಒಲೆಗೇ ತುರಿ, ಗಾಳಿಯ ದಾರಿ, ಹೊಗೆಕೊಳವೆ ಸೇರಿಸಿ ಮೂರು ಪಾತ್ರೆಯ ಅಸ್ತ್ರ ಒಲೆ ಮಾಡಿತು. ಸೌದೆ ಉಳಿಯಿತು, ಅಡುಗೆಮನೆ ಬೆಳಗಾಯಿತು. ಆಮೇಲೆ ಗ್ಯಾಸ್ ಬಂತು, ಬರಲೇಬೇಕಿತ್ತು. ಅಡುಗೆಯ ಹೊಗೆ ಕುಡಿದ ಹೆಂಗಸರಿಗೆ ಅದಕ್ಕಿಂತ ದೊಡ್ಡ ಉಪಕಾರವಿಲ್ಲ. ಆದರೆ ಸ್ನಾನದ ನೀರಿಗೆ ಇಂದಿಗೂ ಸಾವಿರಾರು ಬಚ್ಚಲೊಲೆ ಉರಿಯುತ್ತಲೇ ಇವೆ. ಅವುಗಳ ಕಡೆ ನೋಡುವವರು ಕಡಿಮೆ. ಹಾಲಿನ ಪ್ಯಾಕೆಟ್ಟು, ಹಳೇ ಚಪ್ಪಲಿ ಕೂಡ ಅವುಗಳ ಬಾಯಿಗೆ ಹೋಗುತ್ತಿವೆ.

ಮೊಮ್ಮಕ್ಕಳನ್ನು ನೋಡಲು ಜೂನ್, ಜುಲೈನಲ್ಲಿ ನ್ಯೂಜಿಲೆಂಡಿಗೆ ಹೋಗುವವರು ಉಣ್ಣೆಯ ಕಾಲುಚೀಲ ಮರೆಯಬೇಡಿ. ಅಲ್ಲಿ ಚಳಿ ಏರುವುದೇ ನೆಲದಿಂದ. ರಾತ್ರಿಯಿಡೀ ಉರಿಯಲಿ ಎಂದು ಒಲೆ ತುಂಬ ಸೌದೆ ತುರುಕಿ ಗಾಳಿಯ ಕಿಂಡಿ ಮುಚ್ಚಬೇಡಿ, ಅದು ಬರೀ ಹೊಗೆಯಾಡುತ್ತದೆ. ಬೂದಿಯನ್ನು ಕಬ್ಬಿಣದ ಡಬ್ಬಿಗೇ ಹಾಕಿ, ಅದರೊಳಗಿನ ಕೆಂಡ ದಿನಗಟ್ಟಲೆ ಜೀವ ಹಿಡಿದಿರುತ್ತದೆ. ಊರಲ್ಲೇ ಇರುವವರಿಗೂ ಒಂದು ಮಾತು. ಬಚ್ಚಲೊಲೆಗೆ ಚಿಮಣಿ ಇಲ್ಲದಿದ್ದರೆ ಈ ವರ್ಷವೇ ಹಾಕಿಸಿ, ಇದ್ದರೆ ಮಳೆಗೆ ಮೊದಲು ಮಸಿ ತೆಗೆಸಿ, ಮತ್ತು ಸೌದೆಯನ್ನು ಈ ಮಳೆಗಾಲಕ್ಕಲ್ಲ, ಬರುವ ಮಳೆಗಾಲಕ್ಕೆ ಸೀಳಿಸಿಡಿ.